ಬಿಸಿಲ ನಾಡಿನಲ್ಲಿ ದಿನ ತುಂಬದ ಕೂಸು

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ, ಅದೂ ಕಲಬುರಗಿಯಲ್ಲಿ, ಬಿಸಿಲಿನ ಕೊರತೆಯ ಬಗ್ಗೆ ಮಾತನಾಡಲು ಬಂದವಳನ್ನು ನೀವು ಎಂಥ ಕಣ್ಣಿನಿಂದ ನೋಡುತ್ತಿದ್ದೀರಿ ಎಂಬುದು ಇಲ್ಲಿಂದಲೇ ಕಾಣುತ್ತಿದೆ. ಆದರೆ ಡಿ ಜೀವಸತ್ವ ಹುಟ್ಟುವುದು ಬಿಸಿಲು ಊರಿನ ಮೇಲೆ ಬಿದ್ದರೆ ಅಲ್ಲ, ಚರ್ಮದ ಮೇಲೆ ಬಿದ್ದರೆ. ನಮ್ಮ ಬಸುರಿಯರು ತಲೆ ತುಂಬ ಸೆರಗು ಹೊದ್ದಿರುತ್ತಾರೆ, ಇಲ್ಲವೇ ಬುರ್ಖಾ ತೊಟ್ಟಿರುತ್ತಾರೆ. ಹತ್ತು ಗಂಟೆಯಾದರೆ ಬಾಗಿಲು ಹಾಕಿಕೊಂಡು ಒಳಗೆ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಿಂದ ಸೆಕೆಯಾಗುತ್ತದೆಯೇ ಹೊರತು ಡಿ ಸಿಗುವುದಿಲ್ಲ. ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಹೊಟ್ಟೆಯಲ್ಲಿರುವ ಕೂಸಿಗೆ ಬೇರೆ ಬಿಸಿಲಿಲ್ಲ. ತಾಯಿಯ ರಕ್ತದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಡಿಗೂ ದಿನ ತುಂಬದ ಕೂಸಿನ ಉಸಿರಿಗೂ ಏನು ನಂಟು ಎಂಬುದೇ ಇವತ್ತಿನ ಮಾತು.

37 ವಾರ ತುಂಬುವ ಮೊದಲೇ ಹುಟ್ಟಿದ ಕೂಸಿನ ಎದೆಯನ್ನು ಒಮ್ಮೆ ನೋಡಬೇಕು. ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತದೆ, ಮೂಗಿನ ಹೊಳ್ಳೆ ಅರಳುತ್ತದೆ, ಉಸಿರು ಬಿಡುವಾಗ ಸಣ್ಣಗೆ ನರಳುತ್ತದೆ. ಒಗೆದ ಸೀರೆಯ ಒದ್ದೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬಾರದಿರುವುದು ನಿಮಗೆ ಗೊತ್ತು. ಶ್ವಾಸಕೋಶದ ಗಾಳಿಚೀಲಗಳೂ ಹಾಗೆಯೇ ಅಂಟುತ್ತವೆ. ಅಂಟದಂತೆ ನೋಡಿಕೊಳ್ಳುವ, ಸಾಬೂನಿನ ಗುಣದ ಒಂದು ದ್ರವವಿದೆ, ಸರ್ಫ್ಯಾಕ್ಟಂಟ್ ಎನ್ನುತ್ತೇವೆ. ಅದು ಸಾಕಷ್ಟು ಸಿದ್ಧವಾಗುವುದು 34–35ನೇ ವಾರದ ಹೊತ್ತಿಗೆ. ಕೂಸಿನ ಈ ಉಸಿರಾಟದ ತೊಂದರೆಗೆ ಈ ದ್ರವದ ಕೊರತೆಯೇ ಕಾರಣವೆಂದು ಅಮೆರಿಕದ ಸಂಶೋಧಕರಾದ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದ್ದು 1959ರಲ್ಲಿ. ಅದಾಗಿ ನಾಲ್ಕು ವರ್ಷಕ್ಕೆ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಇದೇ ತೊಂದರೆಯಿಂದ ಎರಡೇ ದಿನದಲ್ಲಿ ತೀರಿಕೊಂಡ. ಅಂದ ಹಾಗೆ, ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ಮಾತನ್ನು ಇನ್ನಾದರೂ ಬಿಟ್ಟುಬಿಡಿ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಲಾಭವೇ.

ಇದರಲ್ಲಿ ಡಿ ಜೀವಸತ್ವದ ಪಾಲೆಷ್ಟು? ಆ ದ್ರವವನ್ನು ತಯಾರಿಸುವ ಕೋಶಗಳು ಬಲಿಯಲು ಡಿ ನೆರವಾಗುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡಿದೆ. ಡಿ ಕಡಿಮೆಯಿದ್ದ ಅವಧಿಪೂರ್ವ ಶಿಶುಗಳಲ್ಲಿ ಉಸಿರಾಟದ ತೊಂದರೆ ಹೆಚ್ಚೆಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಎರಡೂ ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಹೊಟ್ಟೆಗೆ ಸರಿಯಾಗಿ ಇಲ್ಲದ, ರಕ್ತಹೀನತೆಯ ತಾಯಿಗೆ ಡಿ ಕೂಡ ಕಡಿಮೆ, ಹೆರಿಗೆಯೂ ಬೇಗ. ಹುಟ್ಟಿದ ಮೇಲೆ ಕೂಸಿಗೆ ಡಿ ಹನಿ ಹಾಕಿದರೆ ರಕ್ತದಲ್ಲಿ ಡಿ ಏರುತ್ತದೆ. ಉಸಿರಾಟದ ಕಾಯಿಲೆ ಇಳಿದೇ ಇಳಿಯುತ್ತದೆ ಎಂಬ ಭರವಸೆಯನ್ನು ನಾನು ಕೊಡಲಾರೆ. ಆ ಹನಿ ಎಲುಬಿಗೆ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಉಸಿರಿಗೆ ಖಚಿತವಾಗಿ ನೆರವಾಗುವುದು ಬೇರೆ: 34 ವಾರಕ್ಕೆ ಮುಂಚೆ ಹೆರಿಗೆ ನೋವು ಬಂದರೆ, ಕೂಸಿನ ಶ್ವಾಸಕೋಶ ಬಲಿಯಲೆಂದು ತಾಯಿಗೆ ಕೊಡುವ ಡೆಕ್ಸಾಮೆಥಾಸೋನ್ ಚುಚ್ಚುಮದ್ದು, ಹನ್ನೆರಡು ಗಂಟೆಗೊಂದರಂತೆ ನಾಲ್ಕು. ಆದ್ದರಿಂದ ನೋವು ಸುಳ್ಳೋ ನಿಜವೋ ಎಂದು ಮನೆಯಲ್ಲೇ ಕಾಯುತ್ತ ಕೂರಬೇಡಿ.

ಹನಿಯ ವಿಷಯಕ್ಕೆ ಬಂದರೆ, ಸೀಸೆಯ ಮೇಲಿನ ಅಕ್ಷರ ಓದಿ. ಕೆಲವದರಲ್ಲಿ ಒಂದು ಮಿಲಿಲೀಟರಿಗೆ 400 ಯೂನಿಟ್, ಕೆಲವದರಲ್ಲಿ 800. ಒಬ್ಬ ತಾಯಿ ಸೀಸೆ ಬದಲಾದದ್ದು ಗೊತ್ತಾಗದೆ ತಿಂಗಳುಗಟ್ಟಲೆ ದುಪ್ಪಟ್ಟು ಹಾಕಿದ್ದಳು. ಔಷಧ ಕೊಟ್ಟವರಾಗಲಿ, ಬರೆದುಕೊಟ್ಟ ನಾನಾಗಲಿ ಒಂದು ಮಾತು ಹೇಳಿರಲಿಲ್ಲ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕೂಸು ಹಾಲು ಕುಡಿಯುವುದನ್ನು ಬಿಡುತ್ತದೆ, ವಾಂತಿ ಮಾಡುತ್ತದೆ. ಪುಣ್ಯಕ್ಕೆ ಆ ಕೂಸಿಗೆ ಏನೂ ಆಗಲಿಲ್ಲ.

ಹಾಗೆಂದು ಒಂದೂವರೆ ಕಿಲೋದ ಕೂಸನ್ನು ಅಂಗಳದ ಬಿಸಿಲಿಗೆ ಹಿಡಿಯಬೇಡಿ, ಬಾಡಿಹೋಗುತ್ತದೆ. ಅದರ ಜಾಗ ತಾಯಿಯ ಎದೆ, ಚರ್ಮಕ್ಕೆ ಚರ್ಮ ತಾಗಿಸಿ. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆಯೂ ಬೇಡ. ಹಣ್ಣಾಗದ ಶ್ವಾಸಕೋಶ ಅದನ್ನು ತಾಳುವುದಿಲ್ಲ.

ಈಗ ಪ್ರಶ್ನೆಗಳು. ಲೋಬಾನ ಎಂದ ಕೂಡಲೇ ಮುಂದಿನ ಸಾಲಿನ ಅಜ್ಜಿಯವರು ಕೈ ಎತ್ತಿದ್ದಾರೆ, ಮೊದಲು ಅವರದೇ ಆಗಲಿ.