ಅಂಗಾತ ಈಜೋ ಹುಳದ ಹೆಸರು ಹಿಡಿಯೋದು ಹೇಗೆ

ಕೇಳುಗರಿಗೆಲ್ಲ ನಮಸ್ಕಾರ. ಕೆರೆ, ಕಲ್ಯಾಣಿ ಅಂಚಲ್ಲಿ ನಿಂತು ತಿಳಿನೀರು ನೋಡೋ ಅಭ್ಯಾಸ ಇರೋರಿಗೆ ಈ ಹುಳ ಹೊಸದೇನಲ್ಲ, ಹೊಟ್ಟೆ ಮೇಲೆ ಮಾಡ್ಕೊಂಡು ಅಂಗಾತ ಮಲಗಿ ಹಿಂದಿನ ಎರಡು ಉದ್ದ ಕಾಲನ್ನ ದೋಣಿ ಹುಟ್ಟಿನ ಥರ ಬೀಸ್ತಾ ಹೋಗುತ್ತಲ್ಲ, ಅದೇ. ಬ್ಯಾಕ್‌ಸ್ವಿಮ್ಮರ್ ಅಂತಾರೆ. ತಿಗಣೆ ಬಳಗದ್ದು, ಚುಚ್ಚಿ ಹೀರೋ ಬಾಯಿ, ಬರಿಗೈಲಿ ಹಿಡಿದ್ರೆ ನಮಗೂ ಚುಚ್ಚುತ್ತೆ, ಜೇನು ಕಚ್ಚಿದಷ್ಟೇ ಉರಿ.

ಇದನ್ನ ಗುರುತಿಸೋದು ಸುಲಭ ಅನ್ಸುತ್ತೆ, ಮೊದಲನೇ ಮೆಟ್ಟಿಲು ಸುಲಭಾನೇ. ವಾಟರ್ ಬೋಟ್‌ಮನ್ ಅಂತ ಇನ್ನೊಂದಿದೆ, ಅದು ನೆಟ್ಟಗೇ ಈಜುತ್ತೆ, ಹೆಚ್ಚಾಗಿ ಪಾಚಿ ಗೀಚಿ ತಿಂದು ಬದುಕುತ್ತೆ, ಅದನ್ನ ಪಕ್ಕಕ್ಕಿಡಿ. ಅಂಗಾತ ಈಜೋದ್ರಲ್ಲಿ ನಮ್ಮ ಕೆರೆಗಳಲ್ಲಿ ಜಾಸ್ತಿ ಸಿಗೋದು ಅನೈಸಾಪ್ಸ್ ಅನ್ನೋ ಕುಲ, ಮಲೆನಾಡಿನ ಹಳ್ಳಗಳಲ್ಲಿ ಅದಕ್ಕಿಂತ ದಪ್ಪ ಮೈಯಿನ ಎನಿಥಾರೆಸ್ ಸಿಗುತ್ತೆ. ಅನುಮಾನ ಇದ್ರೆ ಹುಳನ ಬೋರಲು ಹಾಕಿ ಲೆನ್ಸಲ್ಲಿ ನೋಡಿ, ಎರಡು ರೆಕ್ಕೆ ಬೆನ್ನ ಮೇಲೆ ಕೂಡೋ ಗೆರೆಯ ಮುಂದಿನ ತುದೀಲಿ ಕೂದಲಿರೋ ಒಂದು ಸಣ್ಣ ಗುಳಿ ಕಂಡ್ರೆ ಅನೈಸಾಪ್ಸ್, ಇಲ್ದಿದ್ರೆ ಎನಿಥಾರೆಸ್. ಜೀವಂತ ಇದ್ದಾಗ ಇನ್ನೂ ಚೆಂದದ ಗುರುತಿದೆ, ಅನೈಸಾಪ್ಸ್ ಹೊಟ್ಟೆ ಒಳಗೆ ಹಿಮೋಗ್ಲೋಬಿನ್ ಇರುತ್ತೆ, ಕೆಂಪು ಕೆಂಪಾಗಿ ಹೊರಗೇ ಕಾಣುತ್ತೆ, ಅದರಿಂದ ಬಿಡುಗಡೆಯಾಗೋ ಆಮ್ಲಜನಕದ ಬಲದ ಮೇಲೆ ತೇಲದೆ ಮುಳುಗದೆ ನಡುನೀರಲ್ಲೇ ಕೆಲವು ನಿಮಿಷ ನಿಂತಿರುತ್ತೆ.

ಕಷ್ಟ ಶುರುವಾಗೋದು ಅನೈಸಾಪ್ಸ್ ಒಳಗೇ ಯಾವ ಸ್ಪೀಶೀಸ್ ಅಂತ ಕೇಳಿದಾಗ. ಬುವಿಯೇರಿ, ಸಾರ್ಡಿಯಸ್, ಬ್ರೆಡಿನಿ, ಬಾರ್ಬೇಟಸ್, ಹೀಗೆ ನಮ್ಮ ದೇಶದಲ್ಲಿ ಸುಮಾರಿವೆ, ಒಂದೇ ಹೊಂಡದಲ್ಲಿ ಎರಡು ಮೂರು ಒಟ್ಟಿಗೇ ಇರಬಹುದು, ಎಲ್ಲಾ ಮಾಸಲು ಬಿಳಿ, ಎಲ್ಲದಕ್ಕೂ ಮುಖದ ತುಂಬ ಕಣ್ಣು. ಬಣ್ಣ ನಂಬಬೇಡಿ. ಮೊಬೈಲಲ್ಲಿ ಮೇಲಿಂದ ತೆಗೆದ ಫೋಟೋ ಕಳಿಸಿ ಹೆಸರು ಹೇಳಿ ಅಂತಾರೆ ನೋಡಿ, ಅದನ್ನ ನೋಡಿ ಯಾರಾದ್ರೂ ಠಕ್ ಅಂತ ಸ್ಪೀಶೀಸ್ ಹೇಳಿದ್ರೆ ನಂಗೆ ಅವರ ಮೇಲೇ ಡೌಟು.

ಬೇಕಾಗಿರೋದು ಗಂಡು. ಮುಂಗಾಲಿನ ಪಾದ ಒಂದೇ ಗೆಣ್ಣಿನದಾದ್ರೆ ಗಂಡು, ಎರಡಿದ್ರೆ ಹೆಣ್ಣು. ಶೇ 70ರ ಆಲ್ಕೋಹಾಲಲ್ಲಿ ಇಟ್ಟಿರೋ ಗಂಡಿನ ಒಂದು ಮುಂಗಾಲನ್ನ ಬುಡದಿಂದ ನಾಜೂಕಾಗಿ ಬಿಡಿಸಿ, ಒಂದು ಹನಿ ಗ್ಲಿಸರಿನ್ ಹಾಕಿ, ಒಳಮೈ ಮೇಲೆ ಬರೋ ಹಾಗೆ ಸ್ಲೈಡ್ ಮೇಲಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿ. ಮೊಣಕಾಲಿನ ಕೆಳಗಿನ ಭಾಗ ಶುರುವಾಗೋ ಜಾಗದಲ್ಲೇ ಸಾಲಾಗಿ ಹಲ್ಲುಗಳು ನಿಂತಿರುತ್ತೆ, ಅದಕ್ಕೆ ಬಾಚಣಿಗೆ ಅಂತಾನೇ ಹೆಸರು. ಹಲ್ಲೆಷ್ಟು, ಯಾವ ತುದಿಯ ಹಲ್ಲು ಉದ್ದ, ಸಾಲು ಎಷ್ಟು ಬಾಗಿದೆ, ಇದೆಲ್ಲಾ ಒಂದೊಂದು ಸ್ಪೀಶೀಸಿಗೆ ಒಂದೊಂದು ಥರ. ಕೊಕ್ಕಿನ ಪಕ್ಕದಲ್ಲೊಂದು ಮುಳ್ಳಿನಂಥ ಚಾಚು ಇರುತ್ತೆ, ಗಂಡು ಬಾಚಣಿಗೆನ ಅದಕ್ಕೆ ಉಜ್ಜಿ ಸದ್ದು ಮಾಡಿ ಹೆಣ್ಣನ್ನ ಕರೆಯುತ್ತೆ, ಹಾಗಾಗಿ ಆ ಚಾಚಿನ ಉದ್ದಾನೂ ನೋಡಬೇಕು. ಜೊತೆಗೆ ತಲೆಯ ಮುಂಭಾಗ ಉಬ್ಬಿದೆಯಾ, ಎರಡು ಕಣ್ಣಿನ ನಡುವಿನ ಸಂದು ಎಷ್ಟಗಲ, ಅದನ್ನೂ ಅಳೆದು ಬರೆದುಕೊಳ್ಳಿ. ಈ ಕುಲದ ಮೇಲೆ 1951ರಲ್ಲಿ ಬ್ರೂಕ್ಸ್ ಅನ್ನೋ ಕೀಟತಜ್ಞ ಮಾಡಿದ ದೊಡ್ಡ ಪರಿಷ್ಕರಣೆಯನ್ನ, ಅಂದ್ರೆ ಕುಲದ ಸ್ಪೀಶೀಸ್‌ಗಳನ್ನ ಮತ್ತೆ ಪರಿಶೀಲಿಸಿ ವಿಂಗಡಿಸಿದ ಬರಹಾನ, ಈಗ್ಲೂ ತೆಗೆದು ನೋಡ್ತಾರೆ, ಅಷ್ಟು ಹಳೇದಾದ್ರೂ.

ಇಷ್ಟೆಲ್ಲಾ ಯಾಕಪ್ಪಾ ಅಂದ್ರೆ, ಇವು ಸೊಳ್ಳೆಮರಿ ತಿನ್ನುತ್ತೆ. ಬುವಿಯೇರಿ ಸೊಳ್ಳೆಮರಿ ತಿನ್ನೋದರ ಬಗ್ಗೆ ನಮ್ಮ ದೇಶದಲ್ಲೇ ಲ್ಯಾಬ್ ಕೆಲಸ ಆಗಿದೆ, ಆದ್ರೆ ನೀವು ತೊಟ್ಟಿಗೆ ಬಿಟ್ಟಿದ್ದು ಬುವಿಯೇರೀನೋ ಅದರ ದಾಯಾದಿನೋ ಗೊತ್ತಿಲ್ದೆ ಆ ಲೆಕ್ಕಾನ ನಿಮ್ಮ ತೊಟ್ಟಿಗೆ ಹಚ್ಚೋಕಾಗಲ್ಲ.

ಬರೀ ಹೆಣ್ಣು, ಇಲ್ಲಾ ರೆಕ್ಕೆ ಬಲಿಯದ ಮರಿಗಳೇ ಸಿಕ್ಕಿದ್ರೆ? ಚೀಟಿ ಮೇಲೆ ಅನೈಸಾಪ್ಸ್ ಅಂತಷ್ಟೇ ಬರೆದು, ಊರು ತಾರೀಖು ಹಾಕಿ ಬಾಟ್ಲಿ ಮುಚ್ಚಿಡಿ. ಗಂಡು ಬೇಕು ಅಂದ್ರೆ ಅದೇ ಹೊಂಡಕ್ಕೆ ಇನ್ನೊಂದ್ಸಲ ಬಲೆ ತಗೊಂಡು ಹೋಗಬೇಕಷ್ಟೆ. ನಮಸ್ಕಾರ.