ಅಂಗಡಿ ರಸ್ತೆಯ ಸಮಕ್ಕೇ ಇರಲಿ

ಕೇಳುಗರಿಗೆಲ್ಲ ನಮಸ್ಕಾರ.

ಕೆಳಗೆ ಅಂಗಡಿ, ಮೇಲೆ ಮನೆ. ಸೈಟು ಇಟ್ಟುಕೊಂಡು ಇಂಥದ್ದೊಂದು ಕಟ್ಟಡದ ಲೆಕ್ಕ ಹಾಕುತ್ತಿರುವವರು ನಿಮ್ಮಲ್ಲಿ ಎಷ್ಟೋ ಮಂದಿ ಇರುತ್ತೀರಿ. ಬಾಡಿಗೆಯೂ ಬರಲಿ, ವಾಸಕ್ಕೂ ಆಗಲಿ ಅಂತ. ನಿಮಗೆ ನಾನು ಹೇಳುವುದು ಒಂದೇ ಮಾತು. ಅಂಗಡಿ ರಸ್ತೆಯ ಸಮಕ್ಕೇ ಇರಲಿ.

ಇದೇನು ಹೊಸ ವಿದ್ಯೆ ಅಲ್ಲ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆಯ ಹಳೆಯ ಕಟ್ಟಡಗಳನ್ನು ನೋಡಿ. ಕೆಳಗೆ ವ್ಯಾಪಾರ, ಮೇಲೆ ಸಂಸಾರ. ಗಿರಾಕಿ ರಸ್ತೆಯಲ್ಲಿ ನಿಂತೇ ಸಾಮಾನು ಮುಟ್ಟಿ ನೋಡಬಹುದು.

ದೊಡ್ಡವರ ಕೈಯಲ್ಲೂ ಇದು ತಪ್ಪಿದೆ. ಚಂಡೀಗಢದ ನಕ್ಷೆ ಮಾಡಿದ ಲೆ ಕಾರ್ಬೂಸಿಯೆ ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಒಂದು ಕಟ್ಟಡ ಕಟ್ಟಿಸಿದರು. 1952ರಲ್ಲಿ ಮುಗಿಯಿತು. 337 ಮನೆ, ತಾರಸಿಯ ಮೇಲೆ ಮಕ್ಕಳ ಶಾಲೆ. ಆ ಕಟ್ಟಡವೆಂದರೆ ನನಗೆ ಪ್ರಾಣ. ಆದರೆ ಕೆಳಗೆ ಬರೀ ಕಂಬ ನಿಲ್ಲಿಸಿ, ಅಂಗಡಿಬೀದಿಯನ್ನು ಕಟ್ಟಡದ ನಡುಮಧ್ಯದ ಮಹಡಿಗಳಲ್ಲಿ ಇಟ್ಟರು. ಅದು ಅಂದುಕೊಂಡ ಹಾಗೆ ನಡೆಯಲಿಲ್ಲ. ದಾರಿಹೋಕ ಸೊಪ್ಪು ತರಕಾರಿಗೆ ಅಂತ ಲಿಫ್ಟ್ ಹತ್ತುತ್ತಾನಾ?

ಅವರದ್ದು ಹಾಗಿರಲಿ, ನಾನೇ ಮಾಡಿದ ತಪ್ಪು ಹೇಳುತ್ತೇನೆ. ಕಟ್ಟಡಗಳ ನಕ್ಷೆ ಮಾಡುವ ಕೆಲಸ ಶುರು ಮಾಡಿದ ಹೊಸತು. ಮೂವತ್ತು ನಲವತ್ತರ ಸೈಟು. ಮಾಲೀಕರಿಗೆ ಕಾರು ನಿಲ್ಲಿಸಲು ಜಾಗ ಬೇಕು, ಅಂಗಡಿಯೂ ಬೇಕು. ನಾನು ಅರ್ಧ ನೆಲಮಾಳಿಗೆ ಮಾಡಿ ಕಾರು ಕೆಳಗಿಟ್ಟೆ. ಅಂಗಡಿ ನಾಲ್ಕಡಿ ಮೇಲೆ ಹೋಯಿತು. ಏಳೇ ಏಳು ಮೆಟ್ಟಿಲು. ಕಾಗದದ ಮೇಲೆ ಏನೂ ಅನ್ನಿಸಲಿಲ್ಲ.

ಅಂಗಡಿಗೆ ಒಬ್ಬ ಟೈಲರ್ ಬಂದರು. ಒಳ್ಳೆಯ ಕೈ. ಬ್ಲೌಸ್ ಹೊಲಿಯೋದು, ಸೀರೆಗೆ ಫಾಲ್ ಹಾಕೋದು. ಅವರ ಗಿರಾಕಿಗಳು ಯಾರು? ಮಂಡಿನೋವಿನ ಅಜ್ಜಿಯರು, ಕಂಕುಳಲ್ಲಿ ಮಗು ಇರೋ ತಾಯಂದಿರು. ಒಂದು ಸಂಜೆ ನಾನು ಅಲ್ಲೇ ಇದ್ದೆ. ಒಬ್ಬ ಅಜ್ಜಿ ಕೆಳಗಿನಿಂದಲೇ ಕೂಗಿದರು. "ಏನಪ್ಪಾ, ನನ್ನ ಸೀರೆ ಆಯ್ತಾ?" ಟೈಲರ್ ಏನು ಮಾಡಿದರು ಗೊತ್ತಾ? ಕಂಬಿಗೆ ಕಟ್ಟಿದ್ದ ಹಗ್ಗದಲ್ಲಿ ಒಂದು ವೈರ್ ಬುಟ್ಟಿ ಇಳಿಬಿಟ್ಟರು. ಸೀರೆ ಕೆಳಗೆ ಹೋಯಿತು, ದುಡ್ಡು ಮೇಲೆ ಬಂತು. ನಾನು ಸುಮ್ನೆ ನಿಂತು ನೋಡಿದೆ. ನನ್ನ ಏಳು ಮೆಟ್ಟಿಲಿಗೆ ಅವರು ಬಾವಿಯಿಂದ ನೀರು ಸೇದುವ ಉಪಾಯ ಹುಡುಕಿಕೊಂಡಿದ್ದರು.

ಎಂಟು ತಿಂಗಳಿಗೆ ಖಾಲಿ ಮಾಡಿದರು. ಹೋದದ್ದೆಲ್ಲಿಗೆ? ಎದುರಿನ ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಗೆ. ಆರಡಿ ಎಂಟಡಿ. ತಲೆ ಬಗ್ಗಿಸಿ ಒಳಗೆ ಹೋಗಬೇಕು. ಆದರೆ ರಸ್ತೆಯ ಸಮ. ಅಲ್ಲಿ ಅವರ ವ್ಯಾಪಾರ ಕುದುರಿತು, ಎರಡನೇ ಮಿಷನ್ನೂ ಬಂತು. ನನ್ನ ಅಂಗಡಿ ಗೋದಾಮಾಯಿತು.

ಮಳೆನೀರು ನುಗ್ಗಿದರೆ ಅಂತ ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಅದಕ್ಕೆ ನಾಲ್ಕಡಿ ಏರಿಸಬೇಕಾ? ಒಂದು ಮೆಟ್ಟಿಲು, ಆರಿಂಚು ಸಾಕು. ಬಾಗಿಲ ಮುಂದೆ ಉದ್ದಕ್ಕೂ ಚರಂಡಿ ತೆಗೆದು ಜಾಲರಿ ಮುಚ್ಚಿ. ಆ ಆರಿಂಚಿಗೆ ಆರಡಿ ಉದ್ದದ ಇಳಿಜಾರು ಕೊಟ್ಟರೆ ಗಾಲಿಕುರ್ಚಿಯೂ ಹತ್ತುತ್ತದೆ. ಕಾರು ಎಲ್ಲಿ ಅಂತೀರಾ? ಹಿಂದೆ ಹೋಗಲಿ. ರಸ್ತೆಗೆ ಮುಖ ಮಾಡಿದ ಜಾಗವನ್ನು ಇಡೀ ದಿನ ಕದಲದ ಕಾರಿಗೆ ಬಿಟ್ಟುಕೊಡೋದು ಯಾವ ಲೆಕ್ಕ?

ಇನ್ನು ಹೇಳುವುದು ಜಾಸ್ತಿ ಇತ್ತು, ಸಮಯ ಓಡುತ್ತಿದೆ. ಮೇಲಿನ ಮನೆಯವರ ಮೆಟ್ಟಿಲು ಅಂಗಡಿಯ ಒಳಗಿಂದ ಬೇಡ, ಪಕ್ಕದಲ್ಲಿ ಬೇರೆ ಬಾಗಿಲು ಕೊಡಿ. ಕೆಳಗೆ ಹೋಟೆಲ್ ಬರುವಂತಿದ್ದರೆ ಹೊಗೆ ಕೊಳವೆಗೆ ತಾರಸಿಯವರೆಗೆ ಈಗಲೇ ದಾರಿ ಬಿಡಿ. ಇಲ್ಲದಿದ್ದರೆ ಒಗ್ಗರಣೆ ಘಾಟೆಲ್ಲ ಮೇಲಿನವರ ಮಲಗುವ ಕೋಣೆಗೆ. ಬಚ್ಚಲಮನೆ ಕೆಳಗೆ ಬಚ್ಚಲಮನೆಯೇ ಬರಲಿ, ಅಂಗಡಿಯ ಗಲ್ಲಾಪೆಟ್ಟಿಗೆ ಬೇಡ.

ಇವನ್ನೆಲ್ಲ ನಿಮ್ಮ ಇಂಜಿನಿಯರ್ ನೋಡಿಕೊಳ್ಳುತ್ತಾರೆ. ಅಂಗಡಿಯ ಎತ್ತರ ಮಾತ್ರ ನೀವೇ ಕೇಳಿ. ನಕ್ಷೆ ಮನೆಯಲ್ಲಿದ್ದರೆ ಇವತ್ತೇ ತೆಗೆಯಿರಿ. ರಸ್ತೆಯಿಂದ ಅಂಗಡಿಯ ನೆಲಕ್ಕೆ ಎಷ್ಟು ಮೆಟ್ಟಿಲು ಬರೆದಿದ್ದಾರೆ, ಎಣಿಸಿ. ಒಂದಕ್ಕಿಂತ ಜಾಸ್ತಿ ಇದ್ದರೆ, ಪಾಯ ತೋಡುವ ಮೊದಲು ಇಂಜಿನಿಯರ್‌ಗೆ ಒಂದು ಫೋನ್ ಮಾಡಿ.

ನಮಸ್ಕಾರ.