ಅರ್ಕಾವತಿ ಕಣಿವೆ: ನದಿಯ ನೀರಿಗೊಂದು ಕಚೇರಿ, ಬಾವಿಯ ನೀರಿಗೊಂದು ಕಚೇರಿ

[ದೃಶ್ಯ: ನದಿಯ ದಂಡೆ. ಗಾಜಿನ ಸೀಸೆಯೊಂದು, ತೀರಾ ಹತ್ತಿರದಿಂದ.]

ನದಿಯ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಅಳೆಯಬೇಕಾದರೆ ನೀರನ್ನು ಸೀಸೆಗೆ ತುಂಬಿಕೊಂಡು ನೇರವಾಗಿ ಪ್ರಯೋಗಾಲಯಕ್ಕೆ ಹೊರಟುಬಿಡುವಂತಿಲ್ಲ; ಅರ್ಧ ಕೆಲಸ ದಂಡೆಯ ಮೇಲೆಯೇ ಮುಗಿಯಬೇಕು. ಒಂದು ಗಾಳಿಗುಳ್ಳೆಯೂ ಉಳಿಯದಂತೆ ಸೀಸೆಯನ್ನು ಕಂಠದವರೆಗೆ ತುಂಬಿ, ಮೊದಲು ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಅದರ ಬೆನ್ನಿಗೇ ಕ್ಷಾರೀಯ ಅಯೋಡೈಡ್ ದ್ರಾವಣವನ್ನೂ ಬಿಟ್ಟು, ಬಿರಡೆ ಹಾಕಿ, ಸೀಸೆಯನ್ನು ಹತ್ತಾರು ಸಲ ತಲೆಕೆಳಗು ಮಾಡಿ ಬೆರೆಸುತ್ತಾರೆ. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿಯೊಂದು ಮೂಡಿ ನಿಧಾನವಾಗಿ ತಳಕ್ಕಿಳಿಯುತ್ತದೆ. ಇಲ್ಲದಿದ್ದರೆ ಆ ಗಸಿ ಕದಡಿದ ಸುಣ್ಣದಂತೆ ಬಿಳಿಯಾಗಿಯೇ ಉಳಿಯುತ್ತದೆ. ಮೀನು ಬದುಕಬಹುದಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ. ಬಿಳಿ ಗಸಿ ಎಂದರೆ ಅಲ್ಲಿ ಸೊನ್ನೆ.

ಈ ಸೀಸೆ ನದಿಯ ಸ್ಥಿತಿಯನ್ನು ಒಂದೇ ನಿಮಿಷದಲ್ಲಿ ಹೇಳಿಬಿಡುತ್ತದೆ. ಆದರೆ ದಂಡೆಯಿಂದ ನೂರು ಮಾರು ಆಚೆ ಇರುವ ಕೊಳವೆಬಾವಿಯ ನೀರು ಹೇಗಿದೆ ಎಂಬುದನ್ನು ತಿಳಿಯಲು ಬೇರೆ ಇಲಾಖೆಯ ಬೇರೆ ಕಡತವನ್ನು ತೆರೆಯಬೇಕಾಗುತ್ತದೆ. ಈ ಎರಡು ಕಡತಗಳ ನಡುವಿನ ಅಂತರವೇ ಇಂದಿನ ವಿಡಿಯೋದ ವಿಷಯ, ಮತ್ತು ಅದನ್ನು ನಾವು ಅರ್ಕಾವತಿ ಕಣಿವೆಯಲ್ಲಿ ನೋಡಲಿದ್ದೇವೆ.

[ದೃಶ್ಯ: ನಂದಿಬೆಟ್ಟದಿಂದ ಸಂಗಮದವರೆಗಿನ ನಕ್ಷೆ.]

ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳ ಸಾಲನ್ನು ಹಾದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರಗಳನ್ನು ದಾಟಿ, ಸುಮಾರು 190 ಕಿಲೋಮೀಟರ್ ಹರಿದು ಮೇಕೆದಾಟುವಿನ ಸಮೀಪದ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಶಿವಗಂಗೆಯ ಬೆಟ್ಟದಿಂದ ಬರುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಕೂಡಿಕೊಂಡರೆ, ಬಸವನಗುಡಿಯಲ್ಲಿ ಹುಟ್ಟಿ ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿ, ಬಿಡದಿಗಳತ್ತ ಸಾಗುವ ವೃಷಭಾವತಿ ಕನಕಪುರದ ಕಡೆಯಲ್ಲಿ ಸೇರುತ್ತದೆ. ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದೇ ಈ ನದಿಯಿಂದ: 1894ರ ಹೆಸರಘಟ್ಟ ಜಲಾಶಯದಿಂದ, ಆಮೇಲೆ 1933ರ ತಿಪ್ಪಗೊಂಡನಹಳ್ಳಿ ಜಲಾಶಯದಿಂದ. ಹೆಸರಘಟ್ಟ ಎಂದೋ ಬತ್ತಿತು. ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರೆತ್ತುವುದು 2012ರಲ್ಲಿ ನಿಂತಿತು. ಒಳಹರಿವು ಕ್ಷೀಣಿಸಿತ್ತು, ಬರುತ್ತಿದ್ದ ನೀರಿನಲ್ಲಿ ಚರಂಡಿಯ ಪಾಲು ಹೆಚ್ಚಿತ್ತು.

ಈ ನದಿ ಒಣಗಿದ್ದೇಕೆ ಎಂಬ ಪ್ರಶ್ನೆಗೆ ಬಹುಕಾಲ ಮಳೆಯ ಕಡೆಗೆ ಬೆರಳು ತೋರಿಸಲಾಗುತ್ತಿತ್ತು. ಬೆಂಗಳೂರಿನ ಏಟ್ರೀ ಎಂಬ ಪರಿಸರ ಅಧ್ಯಯನ ಸಂಸ್ಥೆಯ ಸಂಶೋಧಕರು ಸಾಧ್ಯವಿರುವ ಕಾರಣಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಮಳೆಯ ಇಳಿಕೆ ಇದಕ್ಕೆ ಕಾರಣವೆಂಬ ವಾದವನ್ನು ಒಪ್ಪಲಿಲ್ಲ. ಅಂತರ್ಜಲದ ಅತಿಬಳಕೆ ಮತ್ತು ನೀಲಗಿರಿ ತೋಪುಗಳ ವಿಸ್ತರಣೆಯೇ ಹೆಚ್ಚು ಸಂಭವನೀಯ ಕಾರಣಗಳೆಂದು ಅದು ತೋರಿಸಿತು. ಅಂದರೆ ನದಿ ಮೇಲಿನಿಂದ ಬತ್ತಲಿಲ್ಲ, ಕೆಳಗಿನಿಂದ ಬತ್ತಿತು. ನನ್ನ ಮಟ್ಟಿಗೆ ಈ ಕಣಿವೆಯ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿ ಇದೇ. ನೀರಿನ ಗುಣಮಟ್ಟದ ಪ್ರಶ್ನೆಯೂ ಇದರ ಜೊತೆಗೇ ಬಿಗಿದುಕೊಂಡಿದೆ.

[ದೃಶ್ಯ: ನೆಲದ ಸೀಳುನೋಟದ ಚಿತ್ರ. ಮೇಲೆ ಮಣ್ಣು, ಅದರಡಿ ಕಳಿತ ಕಲ್ಲು, ಅದರಡಿ ಬಿರುಕುಬಿಟ್ಟ ಬಂಡೆ.]

ಹೇಗೆಂದು ನೋಡೋಣ. ಈ ಕಣಿವೆಯ ಅಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಶಿಲೆ. ಗಂಗಾ ಬಯಲಿನಲ್ಲಿರುವಂತೆ ಇಲ್ಲಿ ನೂರಾರು ಅಡಿ ಆಳದ ಮರಳಿನ ಹಾಸಿಲ್ಲ. ಮೇಲೆ ಒಂದಿಷ್ಟು ಮಣ್ಣು, ಅದರ ಕೆಳಗೆ ಕಳಿತು ಮೆತ್ತಗಾದ ಕಲ್ಲಿನ ಪದರ, ಅದಕ್ಕೂ ಕೆಳಗೆ ಬಂಡೆಯ ಬಿರುಕುಗಳು. ತೆರೆದ ಬಾವಿಗಳ ಕಾಲದಲ್ಲಿ ನೀರು ಆ ಮೇಲಿನ ಪದರದಲ್ಲೇ ನಿಂತಿರುತ್ತಿತ್ತು. ಏತ, ಕಪಿಲೆಗಳಿಗೆ ಅದು ಎಟಕುತ್ತಿತ್ತು. ಮಳೆಗಾಲ ಮುಗಿದ ಮೇಲೂ ಹೊಳೆಯಲ್ಲಿ ಹರಿವು ಉಳಿಯುತ್ತಿದ್ದುದು ಆ ಪದರದಿಂದ ಜಿನುಗುತ್ತಿದ್ದ ಒರತೆಯ ದೆಸೆಯಿಂದ. ಬೇಸಿಗೆಯಲ್ಲಿ ಹೊಳೆಯ ಮರಳು ಬಗೆದರೆ ನೀರು ಸಿಗುತ್ತಿದ್ದುದು ಇದೇ ಕಾರಣಕ್ಕೆ. ನೆಲ ನದಿಗೆ ನೀರು ಕೊಡುತ್ತಿತ್ತು.

ಕೊಳವೆಬಾವಿಗಳು ಆ ಪದರವನ್ನು ಬರಿದು ಮಾಡಿ ಬಂಡೆಯ ಬಿರುಕುಗಳಿಗೆ ಇಳಿದ ಮೇಲೆ ಈ ಕೊಡುಕೊಳ್ಳುವಿಕೆ ತಿರುಗಿಬಿತ್ತು. ಅಂತರ್ಜಲದ ಮಟ್ಟ ನದಿಯ ಪಾತ್ರಕ್ಕಿಂತ ಕೆಳಗೆ ಹೋದ ಕಡೆಗಳಲ್ಲಿ ಈಗ ನದಿಯೇ ನೆಲಕ್ಕೆ ನೀರು ಕೊಡುತ್ತದೆ. ಆ ನದಿಯಲ್ಲಿ ಹರಿಯುತ್ತಿರುವುದು ಚರಂಡಿಯ ನೀರಾಗಿದ್ದರೆ, ನೆಲಕ್ಕೆ ಇಳಿಯುವುದೂ ಅದೇ. ಮಣ್ಣಿನ ಪದರದಲ್ಲಿ ನಿಧಾನವಾಗಿ ಇಂಗುವ ನೀರು ದಾರಿಯುದ್ದಕ್ಕೂ ಒಂದಷ್ಟು ಸೋಸಿಕೊಳ್ಳುತ್ತದೆ. ಬಿರುಕುಗಳ ಮೂಲಕ ಧುಮುಕುವ ನೀರಿಗೆ ಆ ಸೋಸುವಿಕೆ ಇಲ್ಲ. ಹೀಗಾಗಿ ಎಷ್ಟು ನೀರೆತ್ತಬೇಕೆಂಬ ನಿಯಂತ್ರಣವನ್ನೂ ನೀರು ಎಷ್ಟು ಶುದ್ಧವಾಗಿರಬೇಕೆಂಬ ನಿಯಂತ್ರಣವನ್ನೂ ಬೇರೆ ಬೇರೆಯಾಗಿ ನಡೆಸಲು ಬರುವುದಿಲ್ಲ. ಒಂದನ್ನು ಬಿಟ್ಟರೆ ಇನ್ನೊಂದೂ ಕೈತಪ್ಪುತ್ತದೆ.

ವಿಶೇಷವೆಂದರೆ ನಮ್ಮ ಕಾನೂನಿಗೆ ಇದು ಐವತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆಯ 2ನೇ ಪ್ರಕರಣದಲ್ಲಿ ‘ತೊರೆ’ ಎಂದರೆ ಏನೆಂಬ ವ್ಯಾಖ್ಯೆ ಇದೆ. ಅದರಲ್ಲಿ ನದಿ ಸೇರುತ್ತದೆ. ಹರಿಯುತ್ತಿರಲಿ, ಸದ್ಯಕ್ಕೆ ಒಣಗಿರಲಿ, ಎಲ್ಲ ಜಲಮಾರ್ಗಗಳೂ ಸೇರುತ್ತವೆ. ಸ್ವಾಭಾವಿಕ ಮತ್ತು ಕೃತಕ ಒಳನಾಡು ಜಲಗಳು ಸೇರುತ್ತವೆ. ಭೂಮಿಯ ಒಳಗಿನ ನೀರೂ ಸೇರುತ್ತದೆ. ಒಣಗಿದ ಹೊಳೆಯನ್ನೂ ನೆಲದಡಿಯ ನೀರನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ಈ ವ್ಯಾಖ್ಯೆಯನ್ನು ಓದಿದಾಗಲೆಲ್ಲ ಅದನ್ನು ಬರೆದವರ ಮುಂದಾಲೋಚನೆಯ ಬಗ್ಗೆ ಗೌರವ ಮೂಡುತ್ತದೆ. ಅದೇ ಕಾಯ್ದೆಯ 24ನೇ ಪ್ರಕರಣವು ವಿಷಕಾರಿ ಮತ್ತು ಮಾಲಿನ್ಯಕಾರಕ ವಸ್ತುಗಳನ್ನು ತೊರೆಗಾಗಲಿ, ಬಾವಿಗಾಗಲಿ, ಚರಂಡಿಗಾಗಲಿ, ನೆಲದ ಮೇಲಾಗಲಿ ತಿಳಿದೂ ಬಿಡುವುದನ್ನು ನಿಷೇಧಿಸುತ್ತದೆ. ಬತ್ತಿದ ಕೊಳವೆಬಾವಿಯೊಳಗೆ ತ್ಯಾಜ್ಯನೀರನ್ನು ಸುರಿಯುವುದು ಆ ಪ್ರಕರಣದ ನೇರ ಉಲ್ಲಂಘನೆ.

ಕಾಯ್ದೆ ಒಂದು ಮಾಡಿದ್ದನ್ನು ಆಡಳಿತ ಎರಡು ಮಾಡಿತು. ಕಾರ್ಖಾನೆಯೊಂದು ತಲೆಯೆತ್ತಬೇಕಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಮೊದಲು ಸ್ಥಾಪನೆಗೆ, ಬಳಿಕ ಕಾರ್ಯಾಚರಣೆಗೆ ಸಮ್ಮತಿಪತ್ರ ಪಡೆಯಬೇಕು. ಎಷ್ಟು ತ್ಯಾಜ್ಯನೀರು, ಯಾವ ಗುಣಮಟ್ಟದಲ್ಲಿ, ಎಲ್ಲಿಗೆ ಬಿಡಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಅದೇ ಕಾರ್ಖಾನೆಯ ಕೊಳವೆಬಾವಿಯ ಪ್ರಶ್ನೆ ಬಂದಾಗ ದಾರಿ ಬೇರೆ. ಭೂಮಿಯ ಒಡೆಯನಿಗೇ ಅದರಡಿಯ ನೀರು ಎಂಬ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಾಲದ ನಂಬಿಕೆಗೆ ಕರ್ನಾಟಕದಲ್ಲಿ ಗಂಭೀರ ಮಿತಿ ಬಂದದ್ದು ಅಂತರ್ಜಲ ನಿಯಂತ್ರಣಕ್ಕಾಗಿಯೇ ರೂಪಿಸಿದ 2011ರ ಕಾಯ್ದೆಯಿಂದ. ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿಗೆ ಅನುಮತಿ, ಇರುವ ಬಾವಿಗೆ ನೋಂದಣಿ ಎಂಬ ವ್ಯವಸ್ಥೆ ಅದರಲ್ಲಿದೆ. ಆದರೆ ಮುಖ್ಯವಾಗಿ ಅದು ಪ್ರಮಾಣದ ಕಾನೂನು. ಹೀಗೆ ಒಂದು ಕಚೇರಿ ಕಾರ್ಖಾನೆಯಿಂದ ಹೊರಬರುವ ನೀರನ್ನು ನೋಡುತ್ತದೆ, ಇನ್ನೊಂದು ಒಳಹೋಗುವ ನೀರನ್ನು ನೋಡುತ್ತದೆ. ಹೊರಬಂದ ನೀರೇ ಇಂಗಿ ಪಕ್ಕದ ಊರಿನ ಬಾವಿಗೆ ಒಳಹೋಗುವುದನ್ನು ನೋಡುವವರು ಯಾರು?

[ದೃಶ್ಯ: ಪೀಣ್ಯ ಕೈಗಾರಿಕಾ ಪ್ರದೇಶ, ನಂತರ ವೃಷಭಾವತಿಯ ನೊರೆ.]

ಪೀಣ್ಯದ ಉದಾಹರಣೆ ಇದಕ್ಕೆ ಸಾಕು. ಲೋಹಗಳಿಗೆ ಲೇಪ ಕೊಡುವ ಸಣ್ಣ ಸಣ್ಣ ಘಟಕಗಳು ಬಳಸುವ ಕ್ರೋಮಿಯಂ ಅಲ್ಲಿನ ಅಂತರ್ಜಲದಲ್ಲಿ ಪತ್ತೆಯಾಗಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ದಾಟುವಂತಿಲ್ಲ ಎಂಬುದು ಭಾರತೀಯ ಮಾನಕ 10500ರ ಮಿತಿ. ನದಿಗೆ ಬಿದ್ದ ಚರಂಡಿ ನೀರನ್ನು ನಿಲ್ಲಿಸಿದರೆ ಕೆಲವು ಮಳೆಗಾಲಗಳಲ್ಲಿ ನದಿ ಚೇತರಿಸಿಕೊಳ್ಳುತ್ತದೆ, ಏಕೆಂದರೆ ಅದು ಹರಿಯುತ್ತದೆ. ಬಂಡೆಯ ಬಿರುಕಿನೊಳಗೆ ಸೇರಿದ ಲೋಹಕ್ಕೆ ಅಂಥ ಬಿಡುಗಡೆ ಇಲ್ಲ. ಅದನ್ನು ಹೊರತೆಗೆಯುವ ಕೆಲಸ ವರ್ಷಗಟ್ಟಲೆ ನೀರೆತ್ತಿ, ಶುದ್ಧೀಕರಿಸಿ ಮಾಡಬೇಕಾದದ್ದು, ಮತ್ತು ಅದರ ಖರ್ಚು ಮಲಿನಗೊಳಿಸಿದವರ ತಲೆಯ ಮೇಲೆ ಬೀಳುವುದು ಅಪರೂಪ.

ಸಂಸ್ಕರಣಾ ಘಟಕಗಳಿವೆಯಲ್ಲ ಎಂದು ಕೇಳಬಹುದು. ಇವೆ, ಮತ್ತು ಅವು ಬೇಕೇಬೇಕು. ಆದರೆ ನಗರದ ಒಳಚರಂಡಿ ನೀರಿನ ಎರಡನೇ ಹಂತದ ಸಂಸ್ಕರಣೆ ಮುಖ್ಯವಾಗಿ ಮಾಡುವುದು ಕೊಳೆಯುವ ಸಾವಯವ ವಸ್ತುವನ್ನು ಸೂಕ್ಷ್ಮಜೀವಿಗಳಿಗೆ ತಿನ್ನಿಸುವ ಕೆಲಸವನ್ನು. ಕರಗಿದ ಲವಣ ಅದರಿಂದ ಹೋಗುವುದಿಲ್ಲ. ಪ್ರತ್ಯೇಕ ವ್ಯವಸ್ಥೆ ಇಲ್ಲದಿದ್ದರೆ ಸಾರಜನಕ ಬಹುಪಾಲು ಉಳಿದು ಕೊನೆಗೆ ನೈಟ್ರೇಟ್ ಆಗಿ ಬಾವಿ ಸೇರುತ್ತದೆ. ಲೋಹಗಳು ಬಂದರೆ ಆ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಆದ್ದರಿಂದ ಕೈಗಾರಿಕೆಯ ನೀರು ಮನೆಗಳ ಚರಂಡಿಗೆ ಸೇರುವ ಮೊದಲೇ, ಅದು ಹುಟ್ಟುವ ಜಾಗದಲ್ಲೇ ಅದನ್ನು ತಡೆಯಬೇಕು.

ಇನ್ನು ಅಳತೆಯ ಮಾತು. ರಾಷ್ಟ್ರೀಯ ಜಲ ಗುಣಮಟ್ಟ ನಿಗಾ ಕಾರ್ಯಕ್ರಮದಲ್ಲಿ ನದಿಯ ಕೇಂದ್ರಗಳಿಂದ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ, ಅಂತರ್ಜಲದ ಕೇಂದ್ರಗಳಿಂದ ಬಹುಮಟ್ಟಿಗೆ ವರ್ಷಕ್ಕೆರಡು ಸಲ ಮಾದರಿ ತೆಗೆಯುತ್ತಾರೆ. ಜೈವಿಕ ಆಮ್ಲಜನಕ ಬೇಡಿಕೆಯ, ಅಂದರೆ ನೀರಿನ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂಬುದರ ಪರೀಕ್ಷೆ ನಮ್ಮಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಹಿಡಿಯುತ್ತದೆ. ರಾತ್ರಿ ಎರಡು ಗಂಟೆಗೆ ರಾಜಕಾಲುವೆಗೆ ಟ್ಯಾಂಕರ್ ಖಾಲಿ ಮಾಡುವವನನ್ನು ತಿಂಗಳಿಗೊಂದು ಹಗಲಿನ ಮಾದರಿ ಹಿಡಿಯಲಾರದು. ನದಿಯ ಮಾದರಿ ತೆಗೆಯುವ ಜಾಗಕ್ಕೂ ಬಾವಿಯ ಮಾದರಿ ತೆಗೆಯುವ ಜಾಗಕ್ಕೂ ಸಂಬಂಧವಿಲ್ಲದಿದ್ದರೆ ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟರೂ ಒಂದರ ಕೊಳೆ ಇನ್ನೊಂದಕ್ಕೆ ಹೇಗೆ ಹೋಯಿತೆಂದು ತಿಳಿಯುವುದಿಲ್ಲ. 2018ರಲ್ಲಿ ದೇಶದ 351 ಮಲಿನ ನದಿ ಭಾಗಗಳನ್ನು ಗುರುತಿಸಿದಾಗ ಕರ್ನಾಟಕದ 17ರಲ್ಲಿ ಅರ್ಕಾವತಿಯೂ ಇತ್ತು. ಆ ಪಟ್ಟಿ ನದಿಯದು. ದಂಡೆಯ ಬಾವಿಗಳಿಗೆ ಅಂಥ ಪಟ್ಟಿ ಜೊತೆಯಾಗಿ ಬರಲಿಲ್ಲ.

[ದೃಶ್ಯ: ತಿಪ್ಪಗೊಂಡನಹಳ್ಳಿ ಜಲಾಶಯ, ಸುತ್ತಲಿನ ವಲಯಗಳ ನಕ್ಷೆ.]

ಇಡೀ ಜಲಾನಯನವನ್ನು ಒಂದಾಗಿ ಕಾಣುವ ಪ್ರಯತ್ನ ನಮ್ಮಲ್ಲಿ ನಡೆದೇ ಇಲ್ಲ ಎಂದರೆ ತಪ್ಪಾಗುತ್ತದೆ. 2003ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ತಿಪ್ಪಗೊಂಡನಹಳ್ಳಿ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ ಅಧಿಸೂಚನೆ ಹೊರಡಿಸಿತು. ಜಲಾಶಯದ ಸುತ್ತ 2 ಕಿಲೋಮೀಟರ್ ಒಳಗೆ ಹೊಸ ಕಟ್ಟಡ, ಕೈಗಾರಿಕೆಗಳಿಗೆ ತಡೆ ಬಿತ್ತು. ನದಿಯ ದಂಡೆಗಳಿಗೂ ಕಾಪು ವಲಯಗಳು ಬಂದವು. ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಮೇಲಿನ ನೀರು, ಕೆಳಗಿನ ನೀರು, ನೆಲದ ಬಳಕೆ ಮೂರನ್ನೂ ಒಂದೇ ನಕ್ಷೆಯ ಮೇಲೆ ತಂದ ಅಪರೂಪದ ಆದೇಶ ಅದು. 2019ರಲ್ಲಿ ಈ ವಲಯಗಳನ್ನು ಸಡಿಲಗೊಳಿಸಲಾಯಿತು. ನೀರೇ ಬಾರದ ಜಲಾಶಯಕ್ಕೆ ಇಷ್ಟೊಂದು ನಿರ್ಬಂಧ ಏಕೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನೀರು ಬಾರದಿರುವುದು ನಿರ್ಬಂಧ ಹೆಚ್ಚಾಗಿದ್ದರಿಂದಲ್ಲ, ಅದು ಜಾರಿಗೆ ಬಾರದಿದ್ದರಿಂದ. ಕಾವೇರಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ನೀರು ತರುವ ನಗರಕ್ಕೆ ತನ್ನ ಮಗ್ಗುಲಲ್ಲೇ ಇರುವ ಒಂದು ಜಲಾಶಯವನ್ನು ಕೈಬಿಡುವ ಐಷಾರಾಮವೂ ಇಲ್ಲ.

ಕೆಳಗಿನ ಕಣಿವೆಯ ಕಥೆ ಇನ್ನೊಂದು ಬಗೆಯದು. ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ವೃಷಭಾವತಿಯ ಮೂಲಕ ವರ್ಷವಿಡೀ ನೀರು ಬರುತ್ತದೆ. ಆ ನೀರಿನಲ್ಲಿ ಹಿಪ್ಪುನೇರಳೆ, ಮೇವಿನ ಹುಲ್ಲು, ಬೇಬಿ ಕಾರ್ನ್ ಬೆಳೆಯುತ್ತವೆ. ಅಚ್ಚುಕಟ್ಟಿನ ಬಾವಿಗಳಲ್ಲಿ ನೀರಿದ್ದರೂ ಅದನ್ನು ಬಾಯಿಗೆ ಹಾಕುವಂತಿಲ್ಲ, ಊರಿನವರು ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತಾರೆ. ನದಿ ಮುಚ್ಚಿಹೋಗಲಿ ಎಂದು ಅಲ್ಲಿನ ರೈತರು ಬಯಸುವುದಿಲ್ಲ. ನೀರೂ ಬೇಕು, ಅದು ಶುದ್ಧವಾಗಿಯೂ ಇರಬೇಕು ಎಂಬುದು ಅವರ ಬೇಡಿಕೆ, ಮತ್ತು ಅದು ತೀರಾ ನ್ಯಾಯವಾದದ್ದು. ಈ ನೀರಿನ ದೊಡ್ಡ ಪಾಲು ಬೆಂಗಳೂರಿನ ಮನೆಗಳಲ್ಲಿ ಬಳಸಿ ಬಿಟ್ಟ ಕಾವೇರಿಯೇ. ಅರ್ಕಾವತಿಯ ಮೂಲಕ ಅದು ಸಂಗಮದಲ್ಲಿ ಮತ್ತೆ ಕಾವೇರಿಯನ್ನೇ ಸೇರುತ್ತದೆ.

ಅಂತರರಾಜ್ಯ ಮಟ್ಟದಲ್ಲೂ ಎಣಿಕೆ ನಡೆದದ್ದು ಪ್ರಮಾಣದ್ದೇ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ನೀರಿನಲ್ಲಿ ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿತು. ಇದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದ 10 ಟಿಎಂಸಿ ತಮಿಳುನಾಡಿನಲ್ಲಿ ಲಭ್ಯವಿರುವ ಅಂತರ್ಜಲವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ ಬಂದದ್ದು. ನದಿಯ ಹಂಚಿಕೆಯಲ್ಲಿ ನೆಲದಡಿಯ ನೀರು ಎಣಿಕೆಗೆ ಬಂತೆಂಬುದು ದೊಡ್ಡ ಸಂಗತಿ. ನದಿಯನ್ನೂ ಅಂತರ್ಜಲವನ್ನೂ ಹೀಗೆ ಒಂದೇ ಲೆಕ್ಕದಲ್ಲಿ ಬರೆದುಕೊಳ್ಳಲು ನ್ಯಾಯಾಲಯಕ್ಕೆ ಸಾಧ್ಯವಾದರೆ, ಸಮ್ಮತಿಪತ್ರ ಬರೆಯುವ ಕಚೇರಿಗೂ ಅದು ಸಾಧ್ಯವಾಗಬೇಕು.

ಹಾಗಾದರೆ ಏನು ಬದಲಾಗಬೇಕು? ಹೊಸ ಕಾಯ್ದೆಗಿಂತ ಮೊದಲು ಇರುವ ಅಧಿಕಾರಗಳು ಒಂದೆಡೆ ಸೇರಬೇಕು. ಕಾರ್ಖಾನೆಯ ಸಮ್ಮತಿಪತ್ರದಲ್ಲಿ ಅದರ ಸುತ್ತಲಿನ ಬಾವಿಗಳ ಪರೀಕ್ಷೆಯೂ ಷರತ್ತಾಗಿ ಇರಬೇಕು. ನದಿಯ ಪ್ರತಿ ಮಾದರಿ ಕೇಂದ್ರಕ್ಕೆ ದಂಡೆಯ ಎರಡು ಬದಿಯ ಬಾವಿಗಳು ಜೊತೆಯಾಗಬೇಕು. ಕೊಳವೆಬಾವಿಯ ಅನುಮತಿ ಕೊಡುವವರ ಮುಂದೆ ಆ ಫಲಿತಾಂಶಗಳಿರಬೇಕು. 1988ರ ತಿದ್ದುಪಡಿಯ ನಂತರ ಜಲ ಕಾಯ್ದೆಯ 49ನೇ ಪ್ರಕರಣದ ಪ್ರಕಾರ ಯಾವುದೇ ವ್ಯಕ್ತಿ 60 ದಿನಗಳ ನೋಟಿಸ್ ಕೊಟ್ಟು ನ್ಯಾಯಾಲಯದಲ್ಲಿ ದೂರು ದಾಖಲಿಸಬಹುದು, ಮತ್ತು ಆತ ಕೇಳಿದರೆ ಮಂಡಳಿಯು ತನ್ನಲ್ಲಿರುವ ಸಂಬಂಧಪಟ್ಟ ವರದಿಗಳನ್ನು ಒದಗಿಸಬೇಕು. ಆ ದೂರಿಗೆ ಬಲ ಬರುವುದು ಪುರಾವೆಯಿಂದ.

[ದೃಶ್ಯ: ಹಳ್ಳಿಯೊಂದರ ಪಂಪ್‌ಹೌಸ್. ಪರೀಕ್ಷಾ ಕಿಟ್ ತೆರೆಯುತ್ತಿರುವ ಕೈಗಳು.]

ಪುರಾವೆ ಹುಟ್ಟುವುದು ಇಂಥ ಜಾಗದಲ್ಲಿ. ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂಬ ನಿಯಮವಿದೆ. ಪಂಪನ್ನು ಐದು ಹತ್ತು ನಿಮಿಷ ಓಡಿಸಿ, ಕೊಳವೆಯಲ್ಲಿ ನಿಂತಿದ್ದ ಹಳೆಯ ನೀರು ಹೋದ ಮೇಲೆಯೇ ಮಾದರಿ ಹಿಡಿಯಬೇಕು. ಹಿಡಿದ ತಾರೀಖು, ಬಾವಿಯ ಆಳ, ನದಿಯಿಂದ ಇರುವ ದೂರ ಇವನ್ನು ಅಲ್ಲೇ ಬರೆದುಕೊಳ್ಳಬೇಕು. ನೈಟ್ರೇಟಿನ ಬಣ್ಣ ಲೀಟರಿಗೆ 45 ಮಿಲಿಗ್ರಾಂನ ಗುರುತನ್ನು ದಾಟಿದರೆ ಆ ನೀರಿನ ಇನ್ನೊಂದು ಸೀಸೆಯನ್ನು ತಾಲ್ಲೂಕಿನ ಅಥವಾ ಜಿಲ್ಲೆಯ ಪ್ರಯೋಗಾಲಯಕ್ಕೆ ಕಳುಹಿಸಿ, ಫಲಿತಾಂಶವನ್ನು ಪಂಚಾಯಿತಿಯ ಪುಸ್ತಕದಲ್ಲಿ ದಾಖಲಿಸಿ ಎಂದು ಕೇಳಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ, ಅದೇ ಬಾವಿಯಲ್ಲಿ.